ಅಗ್ಗದ ಯು.ಎಸ್.ಬಿ. ಪ್ರೋಗ್ರಾಮರುಗಳ ದೋಷವಿಚಾರ: ಪಾಠಪರಂಪರೆಯ ದೃಷ್ಟಿಯಿಂದ

ಗದಗಿನಿಂದ ಪೂರ್ವಕ್ಕೆ, ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲೆ, ಸುಮಾರು ೧೨ ಕಿಲೋಮೀಟರು ದೂರದಲ್ಲಿರುವ ಲಕ್ಕುಂಡಿಯು ದೇವಾಲಯಗಳಿಗೂ ಬಾವಿಗಳಿಗೂ ಹೆಸರಾದ ಊರು. ಶಾಸನಗಳಲ್ಲಿ ಇದು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಕಮ್ಮಟವಿದ್ದು, ಇಲ್ಲಿಯ ಹೊನ್ನು ‘ಲೊಕ್ಕಿ ಗದ್ಯಾಣ’ವೆಂಬ ಹೆಸರಿನಿಂದ ಆ ಕಾಲದ ಶಾಸನಗಳ ದತ್ತಿಲೆಕ್ಕಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕ್ರಿ. ಶ. ೧೦೦೭ರ ಶಾಸನವು ಕೊಂಡಾಡುವ ಅತ್ತಿಮಬ್ಬೆಯು ಇಲ್ಲಿ ಬಸದಿಯನ್ನು ಕಟ್ಟಿಸಿದುದಷ್ಟೇ ಅಲ್ಲದೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಒಂದು ಅಚ್ಚಿನಿಂದ ಅನೇಕ ನಾಣ್ಯಗಳು, ಒಂದು ಮೂಲದಿಂದ ಅನೇಕ ಪ್ರತಿಗಳು: ಹೀಗೆ ಪ್ರತಿಮಾಡುವ ಎರಡು ಉದ್ಯೋಗಗಳೊಡನೆ ಈ ಊರಿನ ಹೆಸರು ಕೂಡಿಕೊಂಡಿದೆ. ಪ್ರತಿಯು ಮೂಲಕ್ಕೆ ಸರಿಯಾಗಿದೆಯೆ, ನಾಣ್ಯವು ಕಮ್ಮಟದ್ದೋ ಕಳ್ಳ ಅಚ್ಚಿನದೋ ಎಂಬ ಪ್ರಶ್ನೆಗಳು ಇಂಥ ಉದ್ಯೋಗಗಳೊಡನೆಯೇ ಹುಟ್ಟತಕ್ಕವು.

ಪ್ರಸ್ತುತ ಲೇಖನದ ವಿಷಯವು ಮೇಲುನೋಟಕ್ಕೆ ಇದರಿಂದ ಬಹುದೂರವಾದುದು. ಇಂದು ಗದಗಿನಲ್ಲಿ ತೋಂಟದಾರ್ಯ ಇಂಜನಿಯರಿಂಗ್ ಕಾಲೇಜು, ಹುಲಕೋಟಿಯಲ್ಲಿ ಗ್ರಾಮೀಣ ಇಂಜನಿಯರಿಂಗ್ ಕಾಲೇಜು ಇವೆ. ಲಕ್ಕುಂಡಿಯಂಥ ಊರುಗಳ ಮಕ್ಕಳು ಇಲೆಕ್ಟ್ರಾನಿಕ್ಸ್ ವಿಷಯವನ್ನು ಮನೆಯಿಂದಲೇ ಹೋಗಿ ಬಂದು ಓದಬಹುದಾಗಿದೆ. ಅಂಥ ವಿದ್ಯಾರ್ಥಿಯು ಕಡೆಯ ವರ್ಷದ ಪ್ರಾಜೆಕ್ಟಿಗಾಗಿ ಬೆಂಗಳೂರಿನ ಸಾದರ ಪತ್ರಪ್ಪನ ರಸ್ತೆಯಿಂದಲೋ ಅಂಚೆಯ ಮೂಲಕವೋ ತರಿಸಿಕೊಳ್ಳುವ ಸಾಮಾನುಗಳಲ್ಲಿ, ಬೆರಳುದ್ದದ ಒಂದು ಹಸಿರೋ ನೀಲಿಯೋ ಆದ ಹಲಗೆಯಿರುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಅದರ ಒಂದು ತುದಿಯನ್ನು ಕಂಪ್ಯೂಟರಿನ ಯು.ಎಸ್.ಬಿ. ಕಿಂಡಿಗೂ, ಇನ್ನೊಂದು ತುದಿಯಿಂದ ಹೊರಡುವ ಹತ್ತು ಎಳೆಯ ಪಟ್ಟಿತಂತಿಯನ್ನು ಮೈಕ್ರೋಕಂಟ್ರೋಲರ್ ಚಿಪ್ಪಿಗೂ ಸೇರಿಸಿ, ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಆಜ್ಞೆಗಳ ಪಾಠವನ್ನು ಚಿಪ್ಪಿನ ಸ್ಮೃತಿಯಲ್ಲಿ ಬರೆಯಬೇಕು. ಹೀಗೆ ಚಿಪ್ಪಿನೊಳಗೆ ನೆಲೆಸಿದ ಪಾಠಕ್ಕೆ ಫರ್ಮ್‌ವೇರ್ ಎಂದೂ, ಬರೆಯುವ ಹಲಗೆಗೆ ಪ್ರೋಗ್ರಾಮರ್ ಎಂದೂ ಹೆಸರು. ಈ ಪ್ರೋಗ್ರಾಮರು ಮೊದಲ ದಿನವೇ ಸರಿಯಾಗಿ ನಡೆಯುವುದು ವಿರಳ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ, ಕೆಲಸ ನಿಲ್ಲುತ್ತದೆ. ಅಗ್ಗದ ಮಾಲು ಇನ್ನೇನಾದೀತೆಂದು ಕೆಲವರು, ತನ್ನ ಕೈಗುಣವೇ ಸರಿಯಿಲ್ಲವೆಂದು ವಿದ್ಯಾರ್ಥಿಯು, ತೀರ್ಮಾನಿಸಿಬಿಡುವುದುಂಟು. ಒಳ್ಳೆಯ ಚಿಪ್ಪುಗಳು ಕಸಕ್ಕೆ ಹೋಗುತ್ತವೆ. ಕೆಲವರು ವಿಷಯವನ್ನೇ ಬದಲಾಯಿಸುತ್ತಾರೆ.

ಈ ಎರಡು ತೀರ್ಮಾನಗಳನ್ನೂ ನಾವು ಒಪ್ಪಲಾರೆವು. ಈ ದೋಷಗಳಲ್ಲಿ ಹೆಚ್ಚಿನವು ಲೋಹದ ದೋಷಗಳಲ್ಲ, ಕೈಯ ದೋಷಗಳೂ ಅಲ್ಲ, ಕಾಲದ ದೋಷಗಳು. ಕಂಪ್ಯೂಟರಿನ ತಂತ್ರಾಂಶ, ಪ್ರೋಗ್ರಾಮರಿನೊಳಗಿನ ಫರ್ಮ್‌ವೇರ್, ಬರೆಯಿಸಿಕೊಳ್ಳುವ ಚಿಪ್ಪು, ಈ ಮೂರೂ ಬೇರೆ ಬೇರೆ ಕಾಲಗಳಿಗೆ ಸೇರಿದವುಗಳಾಗಿ ಒಂದೇ ಮೇಜಿನ ಮೇಲೆ ಕೂಡಿಬಂದಿರುತ್ತವೆ. ಯಾವುದು ಯಾವ ಕಾಲದ ಪಾಠವೆಂದು ನಿರ್ಣಯಿಸದೆ ದೋಷವನ್ನು ಹುಡುಕಹೊರಡುವುದು, ಹಸ್ತಪ್ರತಿಯ ಕಾಲವನ್ನು ನೋಡದೆ ಪಾಠಾಂತರವನ್ನು ತಿದ್ದಹೊರಟಂತೆ. ಆದಕಾರಣ ಈ ವಿಷಯವನ್ನು ಚಾರಿತ್ರಿಕವಾಗಿ ನೋಡುವುದು ಉಪಯುಕ್ತವೆಂದು ನಮಗೆ ತೋರುತ್ತದೆ.

ಮೊದಲಿಗೆ ಎರಡು ಶಬ್ದಗಳ ಪೂರ್ವಚರಿತ್ರೆ. ನಮ್ಮ ಪ್ರಯೋಗಶಾಲೆಗಳಲ್ಲಿ ಚಿಪ್ಪಿಗೆ ಪ್ರೋಗ್ರಾಮನ್ನು ‘ಬರ್ನ್’ ಮಾಡುವುದು ಎಂದು ಹೇಳುವ ರೂಢಿಯಿದೆ; ಚಿಪ್ಪಿನ ಮೂಲಭೂತ ಏರ್ಪಾಟುಗಳನ್ನು ‘ಫ್ಯೂಸ್ ಬಿಟ್’ ಎಂದು ಕರೆಯುತ್ತಾರೆ. ಇಂದು ಚಿಪ್ಪಿನಲ್ಲಿ ಏನೂ ಸುಡುವುದಿಲ್ಲ, ಯಾವ ತಂತಿಯೂ ಕರಗುವುದಿಲ್ಲ. ೧೯೫೬ರಲ್ಲಿ ಅಮೆರಿಕೆಯ ಆರ್ಮಾ ಸಂಸ್ಥೆಯ ವೆನ್ ತ್ಸಿಂಗ್ ಚೌ ಎಂಬ ಇಂಜನಿಯರರು ಅಟ್ಲಾಸ್ ಕ್ಷಿಪಣಿಯ ಗಣಕಕ್ಕಾಗಿ, ಒಳಗಿನ ಸಂಪರ್ಕಗಳನ್ನು ವಿದ್ಯುತ್ತಿನಿಂದ ಸುಟ್ಟು ಪಾಠವನ್ನು ನಿಲ್ಲಿಸುವ ಸ್ಮೃತಿಯನ್ನು ರಚಿಸಿದರು. ಆ ಸುಡುವಿಕೆಯ ನೆನಪು ಶಬ್ದಗಳಲ್ಲಿ ಮಾತ್ರ ಉಳಿದುಬಂದಿದೆ. ಅದು ಕಲ್ಲಿನ ಶಾಸನದಂತೆ. ಒಮ್ಮೆ ಕಂಡರಿಸಿದ ಮೇಲೆ ಅಳಿಸುವಂತಿಲ್ಲ. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯ ಡೊವ್ ಫ್ರೋಹ್‌ಮನ್ನರು ಅತಿನೇರಳೆ ಬೆಳಕಿನಿಂದ ಅಳಿಸಬಹುದಾದ ಸ್ಮೃತಿಯನ್ನು, ಎಂದರೆ ಈಪ್ರಾಮನ್ನು, ಕಂಡುಹಿಡಿದ ಮೇಲೆಯೇ ಬರೆದುದನ್ನು ತಿದ್ದುವ ಮಾತು ಸಾಧ್ಯವಾಯಿತು.

ಅದೇ ಸಂಸ್ಥೆಯು ೧೯೭೬ರಲ್ಲಿ ೮೦೪೮, ೧೯೮೦ರಲ್ಲಿ ೮೦೫೧ ಎಂಬ ಮೈಕ್ರೋಕಂಟ್ರೋಲರುಗಳನ್ನು ಹೊರತಂದಿತು. ೮೦೫೧ರ ಅಳಿಸಬಹುದಾದ ರೂಪವಾದ ೮೭೫೧ರ ಬೆನ್ನಿನ ಮೇಲೆ ಸ್ಫಟಿಕದ ಚಿಕ್ಕ ಕಿಟಕಿಯಿತ್ತು. ೨೫೩೭ ಆಂಗ್‌ಸ್ಟ್ರಾಮ್ ತರಂಗದ ದೀಪದಡಿ ಹದಿನೈದಿಪ್ಪತ್ತು ನಿಮಿಷ ಇಟ್ಟರೆ ಹಳೆಯ ಪಾಠವು ಮಾಸಿಹೋಗುವುದು. ಇಂಥ ಚಿಪ್ಪುಗಳನ್ನು ನೇರ ಬಿಸಿಲಿನಲ್ಲಿ ಒಂದು ವಾರ, ಕೋಣೆಯ ಕೊಳವೆದೀಪದಡಿ ಸುಮಾರು ಮೂರು ವರ್ಷ ಬಿಟ್ಟರೂ ಪಾಠವು ಅಳಿಯಬಹುದೆಂದು ತಯಾರಕರ ಕೈಪಿಡಿಗಳು ಎಚ್ಚರಿಸುತ್ತಿದ್ದುವು. ಕಿಟಕಿಗೆ ಕಾಗದದ ಚೀಟಿ ಅಂಟಿಸುವ ಪದ್ಧತಿ ಬಂದುದು ಅದರಿಂದ. ಬರೆಯಲು ೨೧ ವೋಲ್ಟಿನ ವಿದ್ಯುತ್ತು ಬೇಕು. ಅದಕ್ಕೆ ತಕ್ಕ ಬರೆಯುವ ಯಂತ್ರವೂ ಅಳಿಸುವ ಪೆಟ್ಟಿಗೆಯೂ ಬೇಕು. ಆ ಕಾಲದಲ್ಲಿ ಪ್ರೋಗ್ರಾಮರು ಪ್ರಯೋಗಶಾಲೆಯ ಆಸ್ತಿ, ವಿದ್ಯಾರ್ಥಿಯ ಆಸ್ತಿಯಲ್ಲ.

೧೯೯೩ರಲ್ಲಿ ಎರಡು ಚಿಪ್ಪುಗಳು ಈ ಸ್ಥಿತಿಯನ್ನು ಬದಲಿಸಿದುವು: ಮೈಕ್ರೋಚಿಪ್ ಸಂಸ್ಥೆಯ ಪಿಕ್ ೧೬ಸಿ೮೪ ಮತ್ತು ಆಟ್‌ಮೆಲ್ ಸಂಸ್ಥೆಯ ಎಟಿ ೮೯ಸಿ೫೧. ಎರಡನ್ನೂ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಿತ್ತು. ದೀಪವಾಗಲಿ ಕಿಟಕಿಯಾಗಲಿ ಬೇಕಾಗಲಿಲ್ಲ. ತರುವಾಯ ನಾರ್ವೆಯ ಟ್ರಾಂಡ್‌ಹೈಮಿನ ಆಲ್ಫ್-ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲ್ಲನ್ ಎಂಬ ಇಬ್ಬರು ವಿದ್ಯಾರ್ಥಿಗಳ ರಚನೆಯಿಂದ ಬೆಳೆದ ಎವಿಆರ್ ಎಂಬ ಚಿಪ್ಪಿನ ಕುಲವು ೧೯೯೬-೯೭ರಲ್ಲಿ ಆಟ್‌ಮೆಲ್ ಸಂಸ್ಥೆಯಿಂದ ಹೊರಬಿದ್ದಿತು. ಇದರ ಚಿಪ್ಪುಗಳನ್ನು ಹಲಗೆಯಿಂದ ಕೀಳದೆ, ಇದ್ದಲ್ಲಿಯೇ, ಕೆಲವೇ ತಂತಿಗಳ ಮೂಲಕ, ಐದು ವೋಲ್ಟಿನಲ್ಲಿಯೇ ಬರೆಯಬಹುದಾಗಿತ್ತು. ಕಂಪ್ಯೂಟರಿನ ಹಿಂಬದಿಯ ಪ್ರಿಂಟರ್ ಕಿಂಡಿಗೆ ಕೆಲವು ರೆಸಿಸ್ಟರುಗಳನ್ನೋ ಒಂದು ಸಾಮಾನ್ಯ ಬಫರ್ ಚಿಪ್ಪನ್ನೋ ಬೆಸೆದರೆ ಅದೇ ಪ್ರೋಗ್ರಾಮರು. ಅದರಲ್ಲಿ ಫರ್ಮ್‌ವೇರೆಂಬುದೇ ಇಲ್ಲದ್ದರಿಂದ ಅದು ಹಳತಾಗುವ ಪ್ರಶ್ನೆಯೇ ಇರಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ತೊಡಕೆಲ್ಲ ಈ ಸರಳತೆ ಕೈಬಿಟ್ಟುಹೋದುದರಿಂದ ಬಂದುದು.

ಯು.ಎಸ್.ಬಿ.ಯ ಮೊದಲ ನಿಯಮಾವಳಿ ಪ್ರಕಟವಾದುದು ೧೯೯೬ರ ಜನವರಿಯಲ್ಲಿ. (ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ ಭಟ್ಟರು ವಡೋದರೆಯವರೆಂಬುದನ್ನು ಇಲ್ಲಿ ಹೇಳಿದರೆ ಅಪ್ರಸ್ತುತವಾಗಲಾರದು.) ಮುಂದಿನ ದಶಕದಲ್ಲಿ ಮಡಿಲ ಕಂಪ್ಯೂಟರುಗಳಿಂದ ಪ್ರಿಂಟರ್ ಕಿಂಡಿಯೂ ಸೀರಿಯಲ್ ಕಿಂಡಿಯೂ ಕ್ರಮೇಣ ಮರೆಯಾದುವು. ಯು.ಎಸ್.ಬಿ.ಯಲ್ಲಿ ಬರಿಯ ತಂತಿಯಿಂದ ಕೆಲಸ ನಡೆಯದು. ಎರಡು ಕಡೆಗಳಲ್ಲಿಯೂ ಮಾತು ತಿಳಿದವರಿರಬೇಕು. ಆದುದರಿಂದ ಪ್ರೋಗ್ರಾಮರಿನೊಳಗೂ ಒಂದು ಮೈಕ್ರೋಕಂಟ್ರೋಲರು ಬೇಕಾಯಿತು. ಜರ್ಮನಿಯ ಥಾಮಸ್ ಫಿಷಲ್ ಎಂಬವರು ೨೦೦೫ರ ಸುಮಾರಿಗೆ ‘ಯುಎಸ್‌ಬಿಎಎಸ್‌ಪಿ’ ಎಂಬ ಪ್ರೋಗ್ರಾಮರನ್ನು ರಚಿಸಿ, ಅದರ ನಕ್ಷೆಯನ್ನೂ ಮೂಲಪಾಠವನ್ನೂ ಎಲ್ಲರೂ ಪ್ರತಿಮಾಡಿಕೊಳ್ಳುವಂತೆ ಮುಕ್ತವಾಗಿ ಪ್ರಕಟಿಸಿದರು. ಅದರಲ್ಲಿ ಯು.ಎಸ್.ಬಿ.ಗಾಗಿ ಪ್ರತ್ಯೇಕವಾದ ಚಿಪ್ಪಿಲ್ಲ. ವಿಯೆನ್ನಾದ ಒಂದು ಸಂಸ್ಥೆಯು ಬರೆದ ತಂತ್ರಾಂಶದ ನೆರವಿನಿಂದ ಎಟಿಮೆಗಾ ೮ ಎಂಬ ಸಾಮಾನ್ಯ ಚಿಪ್ಪೇ ಯು.ಎಸ್.ಬಿ.ಯ ಭಾಷೆಯನ್ನು ಆಡುತ್ತದೆ. ಮಂದಗತಿಯ ಯು.ಎಸ್.ಬಿ.ಯಲ್ಲಿ ಸೆಕೆಂಡಿಗೆ ೧೫ ಲಕ್ಷ ಬಿಟ್ಟುಗಳು. ಚಿಪ್ಪಿನ ಗಡಿಯಾರ ೧೨ ಮೆಗಾಹರ್ಟ್ಸ್. ಎಂದಮೇಲೆ ಒಂದೊಂದು ಬಿಟ್ಟನ್ನು ಆಡಿ ಮುಗಿಸಲು ಗಡಿಯಾರದ ಎಂಟೇ ಎಂಟು ಮಿಡಿತಗಳು ಸಿಗುತ್ತವೆ. ಅಷ್ಟರಲ್ಲಿ ಎಲ್ಲವನ್ನೂ ಹೊಂದಿಸಿದ ಜಾಣ್ಮೆಗೆ ನಾವು ತಲೆದೂಗಲೇಬೇಕು. ಅಗ್ಗದ ಪ್ರೋಗ್ರಾಮರು ಅಗ್ಗವಾಗಿರುವುದು ಕಳಪೆಯಾದುದರಿಂದಲ್ಲ, ಈ ಜಾಣ್ಮೆಯಿಂದ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮುಕ್ತವಾದ ಪಾಠವನ್ನು ಚೀನದ ಅನೇಕ ತಯಾರಕರು ಪ್ರತಿಮಾಡಿಕೊಂಡು ಲಕ್ಷಾಂತರವಾಗಿ ಮಾರತೊಡಗಿದರು. ಅತ್ತ ಮೂಲಕರ್ತರು ಪಾಠವನ್ನು ಪರಿಷ್ಕರಿಸುತ್ತಿದ್ದರು. ೨೦೧೧ರ ಮೇ ೨೮ರ ದಿನಾಂಕವನ್ನು ಹೊತ್ತ ಆವೃತ್ತಿಯು ಬಹುಕಾಲ ಪ್ರಮಾಣವಾಗಿ ನಿಂತಿತು. ಆದರೆ ಪ್ರತಿಕಾರರಲ್ಲಿ ಹಲವರು ತಾವು ಮೊದಲು ಹಿಡಿದ ಹಳೆಯ ಪಾಠವನ್ನೇ ಹಲಗೆಯಿಂದ ಹಲಗೆಗೆ ಬರೆಯುತ್ತ ಹೋದರು. ಹೀಗಾಗಿ ೨೦೧೧ರ ಎಷ್ಟೋ ವರ್ಷಗಳ ತರುವಾಯ ಕೊಂಡ ಹೊಚ್ಚಹೊಸ ಹಲಗೆಯಲ್ಲಿಯೂ ಅದಕ್ಕಿಂತ ಹಿಂದಿನ ಪಾಠವಿರುವುದು ಅಪರೂಪವಲ್ಲ. ಹಲಗೆಯ ವಯಸ್ಸು ಬೇರೆ, ಪಾಠದ ವಯಸ್ಸು ಬೇರೆ. ಹಸ್ತಪ್ರತಿಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ.

ಕಂಪ್ಯೂಟರಿನ ಕಡೆಯಲ್ಲಿರುವ ಎವಿಆರ್‌ಡ್ಯೂಡ್ ಎಂಬ ತಂತ್ರಾಂಶದ ಕತೆ ಇದಕ್ಕೆ ವಿರುದ್ಧವಾದುದು. ಬ್ರಯನ್ ಡೀನ್ ಎಂಬವರು ತಮ್ಮ ಸ್ವಂತ ಉಪಯೋಗಕ್ಕಾಗಿ ಬರೆದ ಇದು ೨೦೦೩ರ ಹೊತ್ತಿಗೆ ಸಾರ್ವಜನಿಕ ಕಾರ್ಯವಾಗಿ, ಅಲ್ಲಿಂದ ಮುಂದೆ ಅನೇಕರ ಕೈಯಲ್ಲಿ ಎಡೆಬಿಡದೆ ಪರಿಷ್ಕೃತವಾಗುತ್ತ ಬಂದಿದೆ. ಹೊಸ ಎವಿಆರ್‌ಡ್ಯೂಡು ಹಳೆಯ ಪಾಠದ ಹಲಗೆಯೊಡನೆ ಮಾತಿಗೆ ತೊಡಗಿದಾಗ ಮೂಡುವುದೇ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಆ ಎಚ್ಚರಿಕೆಯ ಸಾಲು: ಎಸ್‌ಸಿಕೆ ಅವಧಿಯನ್ನು ನಿಗದಿಪಡಿಸಲಾಗಲಿಲ್ಲ, ಯುಎಸ್‌ಬಿಎಎಸ್‌ಪಿ ಫರ್ಮ್‌ವೇರಿನ ನವೀಕರಣವಿದೆಯೇ ನೋಡಿರಿ ಎಂಬುದು ಅದರ ತಾತ್ಪರ್ಯ. ಎಸ್‌ಸಿಕೆ ಎಂದರೆ ಪ್ರೋಗ್ರಾಮರು ಒಂದೊಂದು ಬಿಟ್ಟನ್ನು ಚಿಪ್ಪಿಗೆ ತಳ್ಳುವ ತಾಳ. ಈ ತಾಳದ ವೇಗವನ್ನು ಕಂಪ್ಯೂಟರಿನಿಂದಲೇ ಹೇಳಿ ಬದಲಿಸುವ ಸೌಲಭ್ಯವು ಮೊದಲ ಪಾಠದಲ್ಲಿರಲಿಲ್ಲ, ಪರಿಷ್ಕೃತ ಪಾಠದಲ್ಲಿ ಸೇರಿತು. ಹೊಸಬನು ಕೇಳಿದ ಪ್ರಶ್ನೆ ಹಳಬನಿಗೆ ಅರ್ಥವಾಗಲಿಲ್ಲವೆಂಬುದಷ್ಟೇ ಆ ಸಾಲಿನ ಅಭಿಪ್ರಾಯ. ಅದು ದೋಷವಲ್ಲ. ಅದರ ಕೆಳಗಿನ ಸಾಲುಗಳಲ್ಲಿ ಬರೆಹವೂ ಸರಿನೋಡುವಿಕೆಯೂ ಮುಗಿದಿವೆಯೆಂದು ಬಂದಿದ್ದರೆ ಕೆಲಸವು ಕೆಟ್ಟಿಲ್ಲ. ಮೊದಲ ಸಾಲನ್ನೇ ಓದಿ ಎದೆಗುಂದಿ ತಂತಿಯನ್ನು ಕಿತ್ತುಬಿಡುವವರೇ ಹೆಚ್ಚು.

ಆದರೆ ಇದೇ ಸಂಗತಿಯು ಇನ್ನೊಂದು ನಿಜವಾದ ದೋಷಕ್ಕೆ ಬೀಜವಾಗುತ್ತದೆ. ಎವಿಆರ್ ಚಿಪ್ಪಿಗೆ ಬರೆಯುವ ತಾಳವು ಚಿಪ್ಪಿನ ಸ್ವಂತ ಗಡಿಯಾರದ ನಾಲ್ಕರಲ್ಲೊಂದು ಪಾಲಿಗಿಂತ ಕಡಿಮೆಯಾಗಿರಬೇಕೆಂಬುದು ನಿಯಮ. ಎಟಿಮೆಗಾ ೮, ೧೬, ೩೨ ಮೊದಲಾದ ಚಿಪ್ಪುಗಳು ಕಾರ್ಖಾನೆಯಿಂದ ಬರುವಾಗ ಒಳಗಿನ ೧ ಮೆಗಾಹರ್ಟ್ಸ್ ಗಡಿಯಾರದಿಂದ ನಡೆಯುವಂತೆ ಅಣಿಯಾಗಿರುತ್ತವೆ. ಆಗ ತಾಳದ ಮೇರೆ ೨೫೦ ಕಿಲೋಹರ್ಟ್ಸ್. ಯುಎಸ್‌ಬಿಎಎಸ್‌ಪಿಯ ಸಹಜ ತಾಳವೋ ೩೭೫ ಕಿಲೋಹರ್ಟ್ಸ್. ಹೀಗಿರಲಾಗಿ, ಪೊಟ್ಟಣ ಬಿಚ್ಚಿದ ಹೊಸ ಚಿಪ್ಪು ಉತ್ತರವನ್ನೇ ಕೊಡುವುದಿಲ್ಲ. ‘ಗುರಿಯು ಉತ್ತರಿಸುತ್ತಿಲ್ಲ’ ಎಂಬ ಸಾಲು ಮೂಡುತ್ತದೆ. ಹಿಂದೆ ಯಾರೋ ಬಳಸಿ ೮ ಮೆಗಾಹರ್ಟ್ಸಿಗೋ ೧೬ಕ್ಕೋ ಬದಲಿಸಿದ ಹಳೆಯ ಚಿಪ್ಪಾದರೆ ಅದೇ ಹಲಗೆಗೆ ಥಟ್ಟನೆ ಓಗೊಡುತ್ತದೆ. ಹೊಸದು ಸತ್ತಿದೆ, ಹಳೆಯದು ಬದುಕಿದೆ ಎಂಬ ವಿಪರೀತ ಭ್ರಮೆಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಪರಿಷ್ಕೃತ ಪಾಠವಿದ್ದರೆ ಕಂಪ್ಯೂಟರಿನಿಂದಲೇ ತಾಳವನ್ನು ಇಳಿಸಬಹುದು. ಹಳೆಯ ಪಾಠವಿದ್ದರೆ ಹಲಗೆಯ ಮೇಲೆ ಜೆಪಿ ೩ ಎಂದು ಗುರುತಿಸಿದ ಎರಡು ಬಿಂದುಗಳನ್ನು ಕೂಡಿಸಬೇಕು. ಆಗ ತಾಳವು ಸುಮಾರು ೮ ಕಿಲೋಹರ್ಟ್ಸಿಗೆ ಇಳಿಯುತ್ತದೆ. ಒಂದೊಂದು ಬೈಟಿಗೂ ನಾಲ್ಕು ಬೈಟಿನ ಆಜ್ಞೆ ಬೇಕಾಗುವುದರಿಂದ ಎಟಿಮೆಗಾ ೮ರ ಎಂಟು ಕಿಲೋಬೈಟನ್ನು ತುಂಬಲು ಆ ವೇಗದಲ್ಲಿ ಅರ್ಧ ನಿಮಿಷಕ್ಕೂ ಮೇಲಾಗುತ್ತದೆ. ಓದಿ ಸರಿನೋಡಲು ಮತ್ತೆ ಅಷ್ಟೇ. ಇಷ್ಟು ಹೊತ್ತು ಕಾದರಾಯಿತು. ಎಷ್ಟೋ ಪ್ರತಿಹಲಗೆಗಳಲ್ಲಿ ಜೆಪಿ ೩ಕ್ಕೆ ಕಡ್ಡಿಗಳನ್ನೇ ನೆಟ್ಟಿರುವುದಿಲ್ಲ, ಎರಡು ಬರಿಯ ತೂತುಗಳಿರುತ್ತವೆ. ಪ್ರತಿಕಾರನು ಕಾಸು ಉಳಿಸಿದ್ದಾನೆ. ಒಂದು ತುಂಡು ತಂತಿಯಿಂದ ಅದನ್ನು ಸರಿಪಡಿಸಬಹುದು.

ಚಿಪ್ಪನ್ನು ಕೇಳಿದರೆ ಅದು ತನ್ನ ಕುಲವನ್ನು ಹೇಳುವ ಮೂರು ಬೈಟುಗಳ ಗುರುತುಂಟು. ಇದಕ್ಕೆ ಸಿಗ್ನೇಚರ್ ಎನ್ನುತ್ತಾರೆ, ನಾವು ಅಂಕಿತವೆನ್ನಬಹುದು. ಎಟಿಮೆಗಾ ೮ರ ಅಂಕಿತ ೧ಇ ೯೩ ೦೭. ೧೬ರದು ೧ಇ ೯೪ ೦೩. ಓದಿದ ಅಂಕಿತವು ಎಲ್ಲ ಸೊನ್ನೆಯಾಗಿಯೋ ಎಲ್ಲ ಎಫ್ ಆಗಿಯೋ ಬಂದರೆ ತಂತಿಯಲ್ಲಿ, ನೆಲದ ಸಂಪರ್ಕದಲ್ಲಿ, ಪಟ್ಟಿತಂತಿಯನ್ನು ತಿರುವುಮುರುವಾಗಿ ಚುಚ್ಚಿದುದರಲ್ಲಿ ದೋಷವನ್ನು ಹುಡುಕಬೇಕು. ಅಂಕಿತವು ಸ್ಪಷ್ಟವಾಗಿದ್ದು, ನಿರೀಕ್ಷಿಸಿದುದಕ್ಕಿಂತ ಬೇರೆಯಾಗಿದ್ದರೆ ಆಗ ತಂತಿಯಲ್ಲಿ ತಪ್ಪಿಲ್ಲ, ಚಿಪ್ಪಿನ ಗುರುತಿನಲ್ಲಿ ತಪ್ಪಿದೆ. ಎಟಿಮೆಗಾ ೩೨೮ಪಿ ಎಂಬುದರ ಅಂಕಿತ ೧ಇ ೯೫ ೦ಎಫ್. ‘ಪಿ’ ಇಲ್ಲದ ೩೨೮ರದು ೧ಇ ೯೫ ೧೪. ಕೊಂಡವನು ಆ ಒಂದು ಅಕ್ಷರವನ್ನು ನೋಡಿರುವುದಿಲ್ಲ. ತಂತ್ರಾಂಶವು ಮಾತ್ರ ಬರೆಯಲು ನಿರಾಕರಿಸುತ್ತದೆ. ಆ ನಿರಾಕರಣೆಯನ್ನು ಬಲವಂತದಿಂದ ಮೀರುವ ಆಜ್ಞೆಯೂ ಉಂಟು. ಕಾರಣವನ್ನು ತಿಳಿಯದೆ ಅದನ್ನು ಬಳಸಬಾರದೆಂಬುದು ನಮ್ಮ ಅಭಿಪ್ರಾಯ.

ಫ್ಯೂಸ್ ಬಿಟ್ಟುಗಳ ತೊಂದರೆ ಇದಕ್ಕಿಂತ ದುಃಖಕರವಾದುದು. ಚಿಪ್ಪು ಯಾವ ಗಡಿಯಾರದಿಂದ ನಡೆಯಬೇಕೆಂಬುದನ್ನು ಇವು ನಿರ್ಧರಿಸುತ್ತವೆ. ಇವುಗಳಲ್ಲಿ ಸೊನ್ನೆಯೆಂದರೆ ಬರೆದದ್ದು, ಒಂದು ಎಂದರೆ ಬರೆಯದ್ದು; ಲೋಕರೂಢಿಗೆ ತಲೆಕೆಳಗಾದ ಸಂಪ್ರದಾಯ. ಸುಟ್ಟ ತಂತಿಯ ಕಾಲದ ಶಬ್ದವನ್ನು ಉಳಿಸಿಕೊಂಡು, ಅಳಿಸಿದ ಸ್ಮೃತಿಯಲ್ಲಿ ಎಲ್ಲವೂ ಒಂದಾಗಿರುವ ಈಪ್ರಾಮಿನ ಕಾಲದ ಅರ್ಥವನ್ನು ಅದರಲ್ಲಿ ತುಂಬಿದುದರ ಪರಿಣಾಮವಿದು. ಹೊರಗಿನ ಸ್ಫಟಿಕದಿಂದ ನಡೆಯೆಂದು ಫ್ಯೂಸಿನಲ್ಲಿ ಬರೆದು, ಹಲಗೆಯಲ್ಲಿ ಸ್ಫಟಿಕವನ್ನೇ ಇಡದಿದ್ದರೆ ಚಿಪ್ಪು ಸ್ತಬ್ಧವಾಗುತ್ತದೆ. ಸ್ತಬ್ಧವಾದುದಕ್ಕೆ ಮತ್ತೆ ಬರೆಯಲೂ ಬಾರದು. ಅದು ಸತ್ತಿಲ್ಲ. ತಕ್ಕ ಸ್ಫಟಿಕವನ್ನೋ, ಇನ್ನೊಂದು ಚಿಪ್ಪಿನಿಂದ ತೆಗೆದ ಚೌಕ ತರಂಗವನ್ನೋ ಎಕ್ಸ್‌ಟಾಲ್ ೧ ಎಂಬ ಕಾಲಿಗೆ ಕೊಟ್ಟರೆ ಎಚ್ಚರಗೊಳ್ಳುತ್ತದೆ. ಆಗ ಫ್ಯೂಸನ್ನು ಸರಿಪಡಿಸಬಹುದು. ರೀಸೆಟ್ ಕಾಲನ್ನೇ ಮುಚ್ಚಿಬಿಟ್ಟಿದ್ದರೆ ಮಾತ್ರ ೧೨ ವೋಲ್ಟಿನ ಬೇರೆ ಪ್ರೋಗ್ರಾಮರು ಬೇಕು. ಅಗ್ಗದ ಹಲಗೆಗೆ ಆ ಶಕ್ತಿಯಿಲ್ಲ. ಎಟಿಮೆಗಾ ೧೬ ಮತ್ತು ೩೨ರಲ್ಲಿ ‘ಸಿ’ ಪೋರ್ಟಿನ ೨ರಿಂದ ೫ರವರೆಗಿನ ನಾಲ್ಕು ಕಾಲುಗಳು ಹೇಳಿದಂತೆ ಕೇಳದಿರುವುದನ್ನೂ ಇಲ್ಲಿಯೇ ಹೇಳಬೇಕು. ಕಾರ್ಖಾನೆಯಲ್ಲಿ ಜೆಟ್ಯಾಗ್ ಎಂಬ ಪರೀಕ್ಷಾಮಾರ್ಗದ ಫ್ಯೂಸನ್ನು ತೆರೆದಿಟ್ಟಿರುವುದರಿಂದ ಹಾಗಾಗುತ್ತದೆ. ಪ್ರೋಗ್ರಾಮರು ಅರ್ಧ ಮಾತ್ರ ಬರೆದಿದೆಯೆಂದು ಅದನ್ನು ದೂರುವುದು ಅನ್ಯಾಯ.

ವಿಂಡೋಸ್ ಕಂಪ್ಯೂಟರಿಗೆ ಹಲಗೆಯೇ ಕಾಣಿಸದಿರುವುದು ಇನ್ನೊಂದು ಸಾಮಾನ್ಯವಾದ ತೊಂದರೆ. ಯುಎಸ್‌ಬಿಎಎಸ್‌ಪಿಗೆ ಲಿಬ್‌ಯುಎಸ್‌ಬಿ ಎಂಬ ಡ್ರೈವರ್ ಬೇಕು. ೬೪ ಬಿಟ್ಟಿನ ವಿಂಡೋಸು ಸಹಿಯಿಲ್ಲದ ಡ್ರೈವರುಗಳನ್ನು ಒಳಗೆ ಬಿಡದು. ಪ್ರೋಗ್ರಾಮರಿನೊಡನೆ ಕೊಡುವ ಹಳೆಯ ಡ್ರೈವರುಗಳಿಗೆ ಆ ಸಹಿಯಿರುವುದಿಲ್ಲ. ಜಾಡಿಗ್ ಎಂಬ ಉಚಿತ ಉಪಕರಣವು ಈ ತೊಡಕನ್ನು ಬಿಡಿಸುತ್ತದೆ. ಲಿನಕ್ಸಿನಲ್ಲಿ ಡ್ರೈವರಿನ ಕಾಟವಿಲ್ಲ, ಅನುಮತಿಯ ಕಾಟವುಂಟು. ಯುಎಸ್‌ಬಿಎಎಸ್‌ಪಿ ಎಂಬ ಹೆಸರನ್ನು ಮೇಲೆ ಮುದ್ರಿಸಿಕೊಂಡು, ಒಳಗೆ ಬೇರೆಯೇ ಪಾಠವಿರುವ ಹಲಗೆಗಳೂ ಮಾರುಕಟ್ಟೆಯಲ್ಲಿವೆ; ಅವು ತಮ್ಮ ತಯಾರಕನ ತಂತ್ರಾಂಶಕ್ಕಲ್ಲದೆ ಬೇರೆ ಯಾರಿಗೂ ಓಗೊಡವು. ಇದು ಪಾಠಾಂತರವಲ್ಲ, ಅಂಕಿತವನ್ನು ಕದ್ದ ಬೇರೆಯೇ ಕೃತಿ.

ಕಳ್ಳ ನಾಣ್ಯದ ಪ್ರಸಂಗಗಳಲ್ಲಿ ಒಂದನ್ನು ವಿವರವಾಗಿ ಹೇಳುವುದು ಅವಶ್ಯ. ನಮ್ಮ ಪ್ರಯೋಗಶಾಲೆಗಳಲ್ಲಿ ಹಿಂದೆ ಬಹುವಾಗಿ ಬಳಕೆಯಲ್ಲಿದ್ದ ಫಿಲಿಪ್ಸರ ಪಿ೮೯ವಿ೫೧ಆರ್‌ಡಿ೨, ಅದರ ತರುವಾಯದ ಎಲ್‌ಪಿಸಿ ೨೧೪೮ ಮುಂತಾದ ಚಿಪ್ಪುಗಳು ತಮ್ಮನ್ನು ತಾವೇ ಬರೆದುಕೊಳ್ಳಬಲ್ಲವು. ಸೀರಿಯಲ್ ತಂತಿಯೊಂದಿದ್ದರೆ ಸಾಕು. ಸೀರಿಯಲ್ ಕಿಂಡಿ ಮರೆಯಾದ ಮೇಲೆ ಯು.ಎಸ್.ಬಿ.ಯಿಂದ ಸೀರಿಯಲ್ಲಿಗೆ ಪರಿವರ್ತಿಸುವ ತಂತಿಗಳು ಬಂದುವು. ಅವುಗಳಲ್ಲಿನ ಚಿಪ್ಪುಗಳಿಗೆ ನಕಲಿಗಳೂ ಬಂದುವು. ೨೦೧೪ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಎಫ್‌ಟಿಡಿಐ ಸಂಸ್ಥೆಯ ಹೊಸ ಡ್ರೈವರು ವಿಂಡೋಸಿನ ಸ್ವಯಂನವೀಕರಣದ ಮೂಲಕ ಲೋಕದಾದ್ಯಂತ ಹರಡಿ, ತನ್ನ ಚಿಪ್ಪಿನ ನಕಲುಗಳನ್ನು ಗುರುತಿಸಿ, ಅವುಗಳ ಉತ್ಪನ್ನಸಂಖ್ಯೆಯನ್ನು ಸೊನ್ನೆಯಾಗಿಸಿಬಿಟ್ಟಿತು. ನಿನ್ನೆಯವರೆಗೆ ನಡೆದ ತಂತಿ ಇಂದು ಯಾವ ಕಂಪ್ಯೂಟರಿನಲ್ಲಿಯೂ ನಡೆಯದಾಯಿತು. ಟೀಕೆಗಳೆದ್ದ ಮೇಲೆ ಆ ಡ್ರೈವರನ್ನು ಹಿಂದಕ್ಕೆ ಪಡೆಯಲಾಯಿತು. ಕಳ್ಳ ಅಚ್ಚನ್ನು ಹಿಡಿಯುವ ಹಕ್ಕು ಕಮ್ಮಟಕ್ಕೆ ಇದ್ದೇ ಇದೆ. ಆದರೆ ಅರಿಯದೆ ಆ ನಾಣ್ಯವನ್ನು ಸ್ವೀಕರಿಸಿದ ಕೊನೆಯ ಬಡವನ ಕೈಯಲ್ಲಿಯೇ ಅದನ್ನು ಜಜ್ಜಿಹಾಕುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಇಷ್ಟೆಲ್ಲ ತೊಡಕು ಪಠ್ಯಪುಸ್ತಕಗಳಲ್ಲಿ ಏಕಿಲ್ಲವೆಂಬುದಕ್ಕೂ ಚಾರಿತ್ರಿಕ ಕಾರಣವುಂಟು. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ೨೦೧೦ರ ಪಠ್ಯಕ್ರಮದಲ್ಲಿ ಮೈಕ್ರೋಕಂಟ್ರೋಲರ್ ಪತ್ರಿಕೆಯ ವಿಷಯವು ೮೦೫೧ ಮತ್ತು ಎಂಎಸ್‌ಪಿ ೪೩೦. ಆ ಬಳಿಕ ಆರ್ಮ್ ಕುಲದ ಚಿಪ್ಪುಗಳು ಬಂದುವು. ಎವಿಆರನ್ನು ವಿದ್ಯಾರ್ಥಿಗಳು ಹೆಚ್ಚಾಗಿ ತರಗತಿಯ ಹೊರಗೆ, ಒಬ್ಬರನ್ನೊಬ್ಬರು ನೋಡಿ ಕಲಿತರು. ಬಾಯಿಂದ ಬಾಯಿಗೆ ಬಂದ ವಿದ್ಯೆಯಲ್ಲಿ ‘ಜೆಪಿ ೩ ಕೂಡಿಸು’ ಎಂಬ ಉಪಾಯ ಉಳಿದು, ಏಕೆ ಎಂಬುದು ಬಿಟ್ಟುಹೋಗುತ್ತದೆ.

ತಿದ್ದಲಾಗದ ಪಾಠವೇ ಲೇಸೆಂದು ಬಗೆಯುವ ಸಂದರ್ಭಗಳೂ ಉಂಟೆಂಬುದನ್ನು ಮರೆಯಲಾಗದು. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸುವ ಮತಯಂತ್ರಗಳು ೧೯೯೮ರ ನವೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ ೧೬ ವಿಧಾನಸಭಾ ಕ್ಷೇತ್ರಗಳಲ್ಲಿ ಬಳಕೆಗೆ ಬಂದುವು. ಅವುಗಳ ಚಿಪ್ಪಿನಲ್ಲಿ ಪಾಠವನ್ನು ಒಮ್ಮೆ ಮಾತ್ರ ಬರೆಯಬಹುದೆಂದು ಚುನಾವಣಾ ಆಯೋಗವು ತಿಳಿಸಿದೆ. ಅಲ್ಲಿ ಶಿಲಾಶಾಸನದ ನೀತಿ. ಇಲ್ಲಿ ಓಲೆಗರಿಯ ನೀತಿ.

ಇನ್ನು ಹಳೆಯ ಪಾಠದ ಹಲಗೆಯನ್ನೇ ತಿದ್ದುವ ಬಗೆ. ಪ್ರೋಗ್ರಾಮರನ್ನು ಬರೆಯಲು ಇನ್ನೊಂದು ಪ್ರೋಗ್ರಾಮರು ಬೇಕು: ಬೀಜವೃಕ್ಷನ್ಯಾಯ. ಸಹಪಾಠಿಯ ಹಲಗೆಯೊಂದು ಸಿಕ್ಕರೆ ಸರಿ. ಇಲ್ಲವಾದರೆ ೨೦೦೫ರಲ್ಲಿ ಇಟಲಿಯ ಇವ್ರೇಯದಲ್ಲಿ ಹುಟ್ಟಿ ಈಗ ಎಲ್ಲೆಡೆಯೂ ದೊರೆಯುವ ಆರ್ಡುಯಿನೋ ಹಲಗೆಗೆ, ಅದರೊಡನೆಯೇ ಬರುವ ಆರ್ಡುಯಿನೋ ಐಎಸ್‌ಪಿ ಎಂಬ ಪಾಠವನ್ನು ತುಂಬಿದರೆ ಅದೇ ಪ್ರೋಗ್ರಾಮರಾಗುತ್ತದೆ. (ಊನೋ ಹಲಗೆಯಾದರೆ ರೀಸೆಟ್ಟಿಗೂ ನೆಲಕ್ಕೂ ನಡುವೆ ೧೦ ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಪಾಠ ತುಂಬಿದ ಮೇಲೆ ಇಡಬೇಕು; ಇಲ್ಲದಿದ್ದರೆ ಬರೆಯತೊಡಗಿದಾಗಲೆಲ್ಲ ಊನೋ ತಾನೇ ಮರುಹುಟ್ಟು ಪಡೆಯುತ್ತದೆ.) ತಿದ್ದಬೇಕಾದ ಹಲಗೆಯಲ್ಲಿ ಜೆಪಿ ೨ನ್ನು ಕೂಡಿಸಬೇಕು, ಆಗ ಅದರ ಚಿಪ್ಪಿನ ರೀಸೆಟ್ ಕಾಲು ಹೊರಗಿನಿಂದ ಕೈಗೆ ಸಿಗುತ್ತದೆ. ಮೊದಲು ಮಾಡಬೇಕಾದ ಕೆಲಸವೆಂದರೆ ಚಿಪ್ಪಿನ ಮೇಲಿನ ಹೆಸರನ್ನು ಕಣ್ಣಿಟ್ಟು ಓದುವುದು. ಎಟಿಮೆಗಾ ೮, ೪೮, ೮೮ ಈ ಮೂರಕ್ಕೂ ಮೂಲಕರ್ತರು ಬೇರೆ ಬೇರೆ ಪಾಠಗಳನ್ನು ಕೊಟ್ಟಿದ್ದಾರೆ. ಒಂದರ ಪಾಠವು ಮತ್ತೊಂದರಲ್ಲಿ ಕೂಡದು. ಎರಡನೆಯದಾಗಿ ಫ್ಯೂಸುಗಳನ್ನು ಓದಿ ಬರೆದಿಟ್ಟುಕೊಳ್ಳಬೇಕು, ಮುಟ್ಟಬಾರದು. ಎಟಿಮೆಗಾ ೮ರಲ್ಲಿ ಅವು ಸಿ೯ ಮತ್ತು ಇಎಫ್ ಎಂದಿದ್ದರೆ ಸರಿಯಾಗಿಯೇ ಇವೆ. ಹಳೆಯ ಪಾಠವನ್ನು ತೆಗೆದಿಟ್ಟುಕೊಳ್ಳುವ ಆಸೆ ಸಹಜವಾದರೂ, ಪ್ರತಿಕಾರರು ಬೀಗದ ಬಿಟ್ಟುಗಳನ್ನು ಹಾಕಿದ್ದರೆ ಅದನ್ನು ಓದಲಾಗದು. ಅಳಿಸಿದರೆ ಬೀಗವೂ ಹೋಗುತ್ತದೆ, ಪಾಠವೂ ಹೋಗುತ್ತದೆ. ಆದುದರಿಂದ ಹಳೆಯ ಪಾಠದಿಂದ ಕೆಲಸ ನಡೆಯುತ್ತಿದ್ದರೆ, ಒಂದು ಎಚ್ಚರಿಕೆಯ ಸಾಲನ್ನು ಕಣ್ಣಿಂದ ಮರೆಮಾಡುವುದಕ್ಕಾಗಿ ಅಳಿಸುವುದು ವಿವೇಕವಲ್ಲ.

ಬರೆದ ಮೇಲೆ ಎವಿಆರ್‌ಡ್ಯೂಡು ಚಿಪ್ಪಿನಿಂದ ಪಾಠವನ್ನು ಮರಳಿ ಓದಿ, ಬೈಟು ಬೈಟಾಗಿ ಮೂಲದೊಡನೆ ಹೋಲಿಸುತ್ತದೆ. ಅತ್ತಿಮಬ್ಬೆಯು ಬರೆಯಿಸಿದ ಸಾವಿರ ಪ್ರತಿಗಳಿಗೆ ಇಂಥ ಅನುಕೂಲವಿರಲಿಲ್ಲ. ಹೊತ್ತು ಉಳಿಸಲೆಂದು ಈ ಹೋಲಿಕೆಯನ್ನು ಬಿಡಿಸುವ ಆಜ್ಞೆಯನ್ನು ಬಳಸುವವರನ್ನು ನಾವು ಕಂಡಿದ್ದೇವೆ. ಉಳಿಯುವುದು ಕೆಲವು ಸೆಕೆಂಡು.

೨೦೧೬ರಲ್ಲಿ ಆಟ್‌ಮೆಲ್ ಸಂಸ್ಥೆಯು ಮೈಕ್ರೋಚಿಪ್ಪಿನಲ್ಲಿ ವಿಲೀನವಾಯಿತು. ಅಲ್ಲಿಂದೀಚೆಗೆ ಬಂದ ಎವಿಆರ್ ಚಿಪ್ಪುಗಳಲ್ಲಿ ಹೆಚ್ಚಿನವನ್ನು ಯುಪಿಡಿಐ ಎಂಬ ಒಂದೇ ತಂತಿಯ ಮಾರ್ಗದಿಂದ ಬರೆಯಬೇಕು. ಮೇಲೆ ವಿವರಿಸಿದ ಮೂಲಪಾಠದ ಯುಎಸ್‌ಬಿಎಎಸ್‌ಪಿಗೆ ಆ ಭಾಷೆ ಬಾರದು. ಆದರೆ ಯು.ಎಸ್.ಬಿ.-ಸೀರಿಯಲ್ ಪರಿವರ್ತಕವೊಂದಕ್ಕೆ ಒಂದು ರೆಸಿಸ್ಟರನ್ನೋ ಡಯೋಡನ್ನೋ ಸೇರಿಸಿದರೆ, ಎವಿಆರ್‌ಡ್ಯೂಡಿನ ಈಚಿನ ಆವೃತ್ತಿಗಳು ಅದರ ಮೂಲಕವೇ ಬರೆಯಬಲ್ಲವು. ಭಾಷೆಯ ಜ್ಞಾನವೆಲ್ಲ ಕಂಪ್ಯೂಟರಿನ ಕಡೆಗೆ ಹಿಂದಿರುಗಿ, ಬರೆಯುವ ಉಪಕರಣವು ಪ್ರಿಂಟರ್ ಕಿಂಡಿಯ ಕಾಲದಲ್ಲಿದ್ದಂತೆ ಬಹುಮಟ್ಟಿಗೆ ಮತ್ತೆ ಬರಿಯ ತಂತಿಯಾಗಿದೆ. ಎಟಿಮೆಗಾ ೮, ೧೬, ೩೨, ೩೨೮ಗಳ ದಾಸ್ತಾನು ಇರುವ ಕಾಲೇಜುಗಳಲ್ಲಿ ಮಾತ್ರ ಹಳೆಯ ಹಲಗೆಗಳ ಕೆಲಸ ಮುಗಿದಿಲ್ಲ.